ಅಣಬೆ ಓಡಿ ಹೋಗುವುದಿಲ್ಲ

ವಾಡಿ ಜಂಕ್ಷನ್ನಿನಲ್ಲಿ ಸಿಕಂದರಾಬಾದ್ ಕಡೆಯ ರೈಲು ಹತ್ತಿದರೆ ಚಿತ್ತಾಪುರ, ಸೇಡಂ ಸಿಗುತ್ತವೆ. ಚಿಂಚೋಳಿಗೆ ಮಾತ್ರ ರೈಲಿಲ್ಲ. ಸೇಡಂನಲ್ಲಿಳಿದು ಬಸ್ಸು, ಆಮೇಲೆ ಕುಂಚಾವರಂ ಕಾಡಿನ ಕಾಲುದಾರಿ. ಅಣಬೆಯ ಫೋಟೊ ತೆಗೆಯಲು ಹೊರಟವರಿಗೆ ಬ್ಯಾಗಿನ ನಿಜವಾದ ತೂಕ ತಿಳಿಯುವುದು ಅಲ್ಲೇ. ಹಕ್ಕಿ ಬೆನ್ನತ್ತಿ ರೂಢಿಯಾದವರು ಮೊಳದುದ್ದದ ಲೆನ್ಸ್ ಹೊತ್ತೇ ಬರುತ್ತಾರೆ. ಅಣಬೆ ಹಾರುವುದಿಲ್ಲ, ಓಡುವುದೂ ಇಲ್ಲ. ವೇಗಕ್ಕೆಂದು ದುಡ್ಡು ಸುರಿದು ಕೊಂಡದ್ದೆಲ್ಲ ಇಲ್ಲಿ ಬರೀ ಭಾರ.

ಇಲ್ಲಿ ಬೇಕಾದದ್ದು ಅಲುಗದ ಆಸರೆ, ಅದೂ ನೆಲಕ್ಕೆ ಅಂಟಿದಂತೆ. ಚಿಂಚೋಳಿ ವನ್ಯಜೀವಿಧಾಮ (2011ರಲ್ಲಿ ಘೋಷಣೆ, 134.88 ಚದರ ಕಿಲೋಮೀಟರ್, ಒಳಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು) ಮಳೆಗಾಲದಲ್ಲಿ ಎಲೆ ತುಂಬಿಕೊಂಡು ಮಧ್ಯಾಹ್ನವೂ ಮಬ್ಬು. ಐಎಸ್‌ಒ 100 ಇಟ್ಟು ಎಫ್/11ರಲ್ಲಿ ತೆಗೆದರೆ ಷಟರ್ ಅರ್ಧ ಸೆಕೆಂಡಿಗೂ ಇಳಿಯಬಹುದು. ಇಳಿಯಲಿ, ಅಣಬೆಗೇನು ಅವಸರ? ಆದರೆ ಆಳೆತ್ತರದ ಟ್ರೈಪಾಡ್ ಹೊರುವುದು ದಂಡ. ಅದು ಬಗ್ಗುವ ಹೊತ್ತಿಗೆ ನಮ್ಮ ಸೊಂಟ ಬಗ್ಗಿರುತ್ತದೆ. ನಮ್ಮ ಸೀಮೆಯವರಿಗೆ ಸುಲಭದ ದಾರಿಯಿದೆ: ಬಟ್ಟೆಯ ಚೀಲಕ್ಕೆ ಒಂದು ಕಿಲೋ ತೊಗರಿ ತುಂಬಿ, ನೆನೆಯದಂತೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸುವುದು. ಎರಡು ಸೆಕೆಂಡಿನ ಟೈಮರ್ ಇಟ್ಟರೆ ಬೆರಳಿನ ನಡುಕವೂ ತಟ್ಟದು. ಕಾಡಿನ ಗೊಡವೆ ಬೇಡ, ಚಿತ್ತಾಪುರದ ಎರೆಹೊಲದ ಬದುವೇ ಸಾಕು ಎನ್ನುವವರಿಗೆ ಟ್ರೈಪಾಡ್ ಕಾಲು ಮಣ್ಣಿನಲ್ಲಿ ಹೂತುಹೋಗುವ ಕಾಟ. ಕೆಳಗಿಡಲು ಶಹಾಬಾದ ಕಲ್ಲಿನ ಮೂರು ಚೂರು ಹುಡುಕಿದರೆ ಆಯಿತು.

ಇನ್ನು ಲೆನ್ಸ್. ನೂರು ಮಿಲಿಮೀಟರಿನ ಮ್ಯಾಕ್ರೊ ಸುಮಾರು ಆರುನೂರು ಗ್ರಾಂ ತೂಗುತ್ತದೆ. ಚಿತ್ರ ಚೆಲುವಾಗಿ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಫುಲ್ ಫ್ರೇಮಿನಲ್ಲಿ ಒಂದಕ್ಕೊಂದರ ಅಳತೆಗೆ ಹೋದರೆ ಎಫ್/8ರಲ್ಲಿ ಸ್ಫುಟವಾಗುವುದು ಒಂದು ಮಿಲಿಮೀಟರ್ ಆಸುಪಾಸು ಮಾತ್ರ. ಹಾಗಾಗಿ ಫೋಕಸ್ ಸರಿಸುತ್ತ ಹತ್ತಾರು ಚಿತ್ರ ತೆಗೆದು ಕೂಡಿಸಬೇಕು. ಫೋನಿನ ಪುಟ್ಟ ಸೆನ್ಸರಿಗೆ ಆಳದ ಸ್ಫುಟತೆ ತಾನಾಗಿ ಬರುತ್ತದೆ. 2019ರಲ್ಲಿ ಬಂದ ಒಲಿಂಪಸ್ ಟಿಜಿ-6 ಕ್ಯಾಮೆರಾ ಕಾಲು ಕಿಲೋ. ಒಂದು ಸೆಂಟಿಮೀಟರ್ ಹತ್ತಿರಕ್ಕೆ ಹೋಗುತ್ತದೆ, ಮಳೆಗೆ ಅಂಜುವುದಿಲ್ಲ, ಚಿತ್ರಗಳನ್ನು ತಾನೇ ಕೂಡಿಸಿಕೊಡುತ್ತದೆ. ದೂರ ನಡೆಯುವ ದಿನ ನನ್ನ ಓಟು ಅದಕ್ಕೇ.

ಉಳಿಸಿದ ತೂಕದಲ್ಲಿ ಒಂದು ಪುಟ್ಟ ಕನ್ನಡಿ, ಒಂದು ಸ್ಕೇಲು, ಒಂದು ಬಿಳಿ ಕೊಡೆ ಸೇರಲಿ. ಕನ್ನಡಿ ಅಣಬೆಯ ಟೊಪ್ಪಿಗೆಯಡಿಯ ಪದರಗಳನ್ನು ಕೀಳದೆಯೇ ತೋರಿಸುತ್ತದೆ. ಮೇಲ್ಭಾಗವಷ್ಟೇ ನೋಡಿ ಜಾತಿ ಹೇಳುವುದು ಆಗದ ಮಾತು. ಬಿಳಿ ಕೊಡೆ ಬಿಸಿಲನ್ನು ಮೆದುವಾಗಿಸುತ್ತದೆ, ಗಾಳಿ ತಡೆಯುತ್ತದೆ, ಮಳೆ ಬಂದರೆ ತನ್ನ ಹಳೆಯ ಕೆಲಸಕ್ಕೂ ಒದಗುತ್ತದೆ. ಫ್ಲ್ಯಾಶ್ ಮನೆಯಲ್ಲಿರಲಿ. ತೇವದ ಟೊಪ್ಪಿಗೆಯ ಮೇಲೆ ಅದು ಬಿಳಿ ಚುಕ್ಕೆ ಹೊಡೆದು ಬಣ್ಣವನ್ನೇ ಕೊಲ್ಲುತ್ತದೆ.

ಅಣಬೆಗೆ ಅವಸರವಿಲ್ಲ ಎಂದದ್ದಕ್ಕೆ ಒಂದು ತಿದ್ದುಪಡಿ ಬೇಕು. ತಿಪ್ಪೆಯ ಮೇಲೇಳುವ ಶಾಯಿ ಅಣಬೆ ಕೆಲವೇ ಗಂಟೆಗಳಲ್ಲಿ ಕರಗಿ ಕಪ್ಪು ನೀರಾಗುತ್ತದೆ. ಅದನ್ನು ಕಂಡಕೂಡಲೇ ಫೋನಿನಲ್ಲೊಂದು ತೆಗೆದುಬಿಡಿ, ಆಮೇಲೆ ಚೀಲ ಬಿಚ್ಚಿ. ಸತ್ತ ಕೊಂಬೆಗಳ ಮೇಲಿನ ಸ್ಕಿಜೊಫಿಲಮ್ ಎಂಬ ಅಣಬೆ ಇದಕ್ಕೆ ತದ್ವಿರುದ್ಧ. ಒಣಗಿದಾಗ ಪದರಗಳನ್ನು ಒಳಕ್ಕೆ ಸುರುಳಿ ಸುತ್ತಿಕೊಂಡು ಕೂರುತ್ತದೆ, ನೀರು ಬಿದ್ದರೆ ಮತ್ತೆ ಬಿಚ್ಚುತ್ತದೆ. ಅದು ಹಿತ್ತಲಿನ ಮಾವಿನ ದಿಮ್ಮಿಯಲ್ಲೇ ಸಿಕ್ಕರೆ ಮಾರ್ಚಿನ ಬಿಸಿಲಿಗೂ ನೀರು ಚಿಮುಕಿಸಿ ಕಾಯಬಹುದು. ಆಗ ಬೇಕಾದರೆ ದೊಡ್ಡ ಟ್ರೈಪಾಡನ್ನೂ ಆ ಮೊಳದುದ್ದದ ಲೆನ್ಸನ್ನೂ ಹೊರಗೆ ತನ್ನಿ. ಹೊರಬೇಕಾದದ್ದು ಹತ್ತು ಹೆಜ್ಜೆ ಅಷ್ಟೇ.