ಹನ್ನೆರಡು ರೀವಗಳಲ್ಲಿ ಒಂದು

ಬೇಸಿಗೆಯಲ್ಲಿ ರಂಗನತಿಟ್ಟಿನ ದೋಣಿ ಇಳಿದು ಬಂದವರ ಫೇಸ್‌ಬುಕ್ ನೋಡಿ. ನದಿ ರೀವವೊಂದು, ರಿವರ್ ಟರ್ನ್ ಎಂದರೆ ಬೇಗ ಗೊತ್ತಾದೀತು, ನೀರಿಗೆ ಎರಗುತ್ತದೆ, ಎರಗುತ್ತದೆ, ಹನ್ನೆರಡು ಫೋಟೊ ಮುಗಿಯುವವರೆಗೂ ಎರಗುತ್ತಲೇ ಇರುತ್ತದೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಸೆಕೆಂಡಿಗೆ 20 ಫ್ರೇಮ್ ಲೆಕ್ಕಕ್ಕೇ ಇಲ್ಲ. ಆದರೆ ಎಲ್ಲವನ್ನೂ ಸುರಿದರೆ ಆರಿಸುವ ಕೆಲಸ ನೋಡುವವರ ತಲೆಗೆ ಬಿತ್ತು. ಅವರೇಕೆ ಮಾಡಬೇಕು?

ಮೊದಲ ಜರಡಿ ಸುಲಭದ್ದು. ಚಿತ್ರವನ್ನು ಪೂರ್ತಿ ಹಿಗ್ಗಿಸಿ ಹಕ್ಕಿಯ ಕಣ್ಣು ನೋಡಿ. ಅದು ಮಸುಕಾಗಿದ್ದರೆ ರೆಕ್ಕೆ ಎಷ್ಟೇ ಚೆಂದವಾಗಿ ಚಾಚಿರಲಿ, ಡಿಲೀಟ್. (ಬೇಕೆಂದೇ ಪ್ಯಾನಿಂಗ್ ಮಾಡಿದ್ದರೆ ಮಾತು ಬೇರೆ.) ಉಳಿದವನ್ನು ಅಂಚೆಚೀಟಿಯಷ್ಟು ಕುಗ್ಗಿಸಿ. ಫಿಲ್ಮ್ ಕಾಲದ ಕಾಂಟ್ಯಾಕ್ಟ್ ಶೀಟಿನಲ್ಲಿ ಚಿತ್ರಗಳು ಇದ್ದದ್ದೇ ಅಷ್ಟು. ಕೆಂಪು ಪೆನ್ಸಿಲ್ ಹಿಡಿದವರು ಅದರಲ್ಲೇ ಆರಿಸುತ್ತಿದ್ದರು. ಆ ಅಳತೆಯಲ್ಲಿ ಪುಕ್ಕದ ಎಳೆ ನಮ್ಮನ್ನು ಮರುಳು ಮಾಡುವುದಿಲ್ಲ. ಹಿಂದಿನ ಬಂಡೆಯ ಹಿಕ್ಕೆಯ ಬಿಳುಪು ಹಕ್ಕಿಯನ್ನು ನುಂಗಿದ್ದು, ಕೊಕ್ಕು ಹೋಗಿ ಕೊಂಬೆಗೆ ಅಂಟಿದ್ದು ತಟ್ಟನೆ ಕಾಣುತ್ತದೆ.

ಕಷ್ಟ ಇರುವುದು ಆಮೇಲೆ. ಬಿಸಿಲಲ್ಲಿ ಬೆಂದದ್ದು, ದೋಣಿ ಅಲುಗಿದ್ದು, ಲೆನ್ಸಿನ ಸಾಲದ ಕಂತು, ಇದ್ಯಾವುದೂ ಫೋಟೊದಲ್ಲಿಲ್ಲ. ತೆಗೆದವನಿಗೆ ಮಾತ್ರ ಕಾಣುತ್ತದೆ. ನ್ಯೂಯಾರ್ಕಿನ ಬೀದಿಗಳ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ಇದಕ್ಕೆಂದೇ ರೋಲುಗಳನ್ನು ವರ್ಷಗಟ್ಟಲೆ ತೊಳೆಯದೆ ಇಡುತ್ತಿದ್ದ. ತೆಗೆದ ದಿನದ ಹುಮ್ಮಸ್ಸು ಇಳಿಯಲಿ ಎಂದು. ಮದ್ದು ಸರಿಯೇ, ಪ್ರಮಾಣ ಹೆಚ್ಚಾಯಿತು: 1984ರಲ್ಲಿ ತೀರಿಕೊಂಡಾಗ ತೊಳೆಯದ ರೋಲುಗಳೇ ಸುಮಾರು 2,500 ಉಳಿದಿದ್ದವು. ನಮಗೆ ಎರಡು ವಾರ ಸಾಕು. ವಾಟ್ಸಾಪ್ ಗುಂಪಿಗೆ ಆ ಸಂಜೆಯೇ ಬೇಕೆನ್ನುವವರು ಕಾದುಕೊಳ್ಳಲಿ.

ಆಮೇಲೂ ಒಳ್ಳೆಯವೇ ಹಲವು ಉಳಿದಾವು. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಅಮೆರಿಕ ಸುತ್ತಿ ಸುಮಾರು 27,000 ಫ್ರೇಮ್ ತೆಗೆದ. 'ದಿ ಅಮೆರಿಕನ್ಸ್' ಪುಸ್ತಕಕ್ಕೆ ಇಳಿದದ್ದು 83. ಅವನು ಕೈಬಿಟ್ಟವೆಲ್ಲ ಕೆಟ್ಟವೇನಲ್ಲ. ಪಕ್ಕದ ಚಿತ್ರ ಆಗಲೇ ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಒಳ್ಳೆಯ ಚಿತ್ರವನ್ನು ತೆಗೆದಿಡಲು ನಿಜಕ್ಕೂ ಎದೆಗಾರಿಕೆ ಬೇಕು. ನಮ್ಮ ರೀವದ ಹನ್ನೆರಡರಲ್ಲಿ ನಾನಾದರೆ ಕೊಕ್ಕು ನೀರು ಮುಟ್ಟುವ ಮುಂಚಿನದನ್ನು ಉಳಿಸಿಕೊಳ್ಳುತ್ತೇನೆ. ನೀರು ಚಿಮ್ಮಿದ ಮೇಲಿನದು ಎಲ್ಲರ ಬಳಿಯೂ ಇದೆ.

ಎಲ್ಲ ಜರಡಿ ದಾಟಿಯೂ ಹಂಚಬಾರದ ಫೋಟೊಗಳಿವೆ. ರೀವ ಮೊಟ್ಟೆ ಇಡುವುದು ಬರಿಯ ಬಂಡೆ, ಮರಳಿನ ಮೇಲೆ. ದೋಣಿ ತೀರ ಹತ್ತಿರ ಹೋದರೆ ತಾಯಿ ಹಕ್ಕಿ ಮೇಲೆದ್ದು, ಕಿತ್ತಳೆ ಕೊಕ್ಕು ತೆರೆದು, ಕ್ಯಾಮೆರಾಗೆ ನೇರ ಮುಖ ಕೊಟ್ಟು ಚೀರುತ್ತದೆ. ಕಣ್ಣು ಚೂಪು, ರೆಕ್ಕೆ ಪೂರ್ತಿ ಬಿಚ್ಚಿದೆ, ಹಿನ್ನೆಲೆ ತಿಳಿನೀಲಿ. ತೀರ್ಪುಗಾರರು ಕಣ್ಣುಮುಚ್ಚಿ ಅಂಕ ಕೊಟ್ಟಾರು. ಆದರೆ ಅದು ಬೈಯುತ್ತಿರುವುದು ನಮ್ಮನ್ನೇ, ಅಷ್ಟು ಹೊತ್ತೂ ಮೊಟ್ಟೆ ಬಿಸಿಲಿನಲ್ಲಿ. ಅಂಥದ್ದನ್ನು ನಾನು ಸ್ಪರ್ಧೆಗೂ ಕಳಿಸುವುದಿಲ್ಲ, ಗುಂಪಿಗೂ ಹಾಕುವುದಿಲ್ಲ.