ಇಟಗಿಯ ಮಹಾದೇವಾಲಯ: ಪಿತೃಭಕ್ತಿಯೋ, ಆತ್ಮಪ್ರಶಸ್ತಿಯೋ?

ಮುಶಿಗೇರಿ, ಗಜೇಂದ್ರಗಡಗಳ ಸೀಮೆಯಲ್ಲಿ ಇಟಗಿಯೆಂದೊಡನೆ ಜನರಿಗೆ ನೆನಪಾಗುವದು ಶರಣೆ ಭೀಮಾಂಬಿಕೆಯ ಇಟಗಿಯು. ಪ್ರಸ್ತುತ ವಿಚಾರವು ನೆರೆಯ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವಾಲಯವನ್ನು ಕುರಿತದ್ದು. ಕ್ರಿ. ಶ. 1112ರ ಶಾಸನವು ಇದನ್ನು 'ದೇವಾಲಯ ಚಕ್ರವರ್ತಿ'ಯೆಂದು ಕೊಂಡಾಡಿರುವದು. ಕನ್ನಡನಾಡಿನಲ್ಲಿ ಹಳೇಬೀಡಿನ ತರುವಾಯ ಇದೇ ಶ್ರೇಷ್ಠವೆಂದು ಹೆನ್ರಿ ಕಸಿನ್ಸರು ಎಣಿಸಿದರು. ಶಿಲ್ಪಸೌಂದರ್ಯದ ಈ ಪ್ರಶಂಸೆಯಲ್ಲಿ, ಇದು ಒಂದು ಮನೆತನದ ಸ್ಮಾರಕವೂ ಅಹುದೆಂಬ ಸಂಗತಿಯು ಮರೆಯಾಗಬಾರದು.

ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಇದನ್ನು ಕಟ್ಟಿಸಿದನು. ಪ್ರಧಾನ ದೇವಾಲಯದ ಸುತ್ತಲಿನ ಚಿಕ್ಕ ಗುಡಿಗಳಲ್ಲದೆ, ತಂದೆಯ ಸ್ಮರಣಾರ್ಥವಾಗಿ ಮೂರ್ತಿನಾರಾಯಣ, ತಾಯಿಯ ಸ್ಮರಣಾರ್ಥವಾಗಿ ಚಂದ್ರಲೇಶ್ವರಿ ಎಂಬ ಗುಡಿಗಳೂ ಇಲ್ಲಿರುವವು. ಆದರೆ ನಡುವೆ ತಲೆಯೆತ್ತಿ ನಿಂತಿರುವದು ಮಗನ ಹೆಸರಿನ ಗುಡಿಯು. ಹಾಗಾದರೆ ಇಲ್ಲಿ ಮೇಲಾದದ್ದು ಪಿತೃಭಕ್ತಿಯೋ, ಆತ್ಮಪ್ರಶಸ್ತಿಯೋ?

ಈ ಪ್ರಶ್ನೆಗೆ ರೋಮನ್ ಸಾಮ್ರಾಜ್ಯದ ಒಂದು ಸ್ಮಾರಕವು ಬೆಳಕನ್ನೀಯುವದು. ಜರ್ಮನಿಯ ಟ್ರಿಯರ್ ನಗರದ ಬಳಿಯ ಈಗೆಲ್ ಗ್ರಾಮದಲ್ಲಿ, ವಸ್ತ್ರವ್ಯಾಪಾರದಿಂದ ಸಿರಿವಂತರಾದ ಸೆಕುಂಡಿನಿ ಮನೆತನದವರು ಸುಮಾರು ಕ್ರಿ. ಶ. 250ರಲ್ಲಿ 23 ಮೀಟರು ಎತ್ತರದ ಸಮಾಧಿಸ್ತಂಭವನ್ನು ನಿಲ್ಲಿಸಿದರು. ಅದರ ಶಾಸನವು ಹೇಳುವಂತೆ, ಮಕ್ಕಳು ಅದನ್ನು ತಂದೆತಾಯಿಗಳಿಗಾಗಿಯೂ, ಜೀವಿಸಿರುವಾಗಲೇ ತಮಗಾಗಿಯೂ ಕಟ್ಟಿಸಿದರು. ಅರಿವೆಯ ಪರೀಕ್ಷೆ, ಸರಕು ಹೊತ್ತ ಬಂಡಿ, ಹಗ್ಗದಿಂದೆಳೆವ ದೋಣಿ ಮುಂತಾಗಿ ತಮ್ಮ ಸಂಪತ್ತಿನ ಮೂಲವನ್ನೆಲ್ಲ ಕಲ್ಲಿನಲ್ಲಿ ಕೊರೆಯಿಸಿದರು. ಆದರೂ ಮುಂದಿನವರು ಅದನ್ನು ಕಾನ್‌ಸ್ಟಾಂಟಿಯಸ್ ಮತ್ತು ಹೆಲೆನಾ ಇವರ ವಿವಾಹದ ಸ್ಮಾರಕವೆಂದು ಭ್ರಮಿಸಿದರು. ಆ ಭ್ರಮೆಯೇ ಅದನ್ನು ಕೆಡಹದಂತೆ ಕಾಯಿತು. ಸ್ತಂಭವುಳಿಯಿತು, ನೆನಪಳಿಯಿತು.

ಮಹಾದೇವನು ಹಿಡಿದದ್ದು ಬೇರೆ ಮಾರ್ಗ. ಆತನು ಮಾತಾಪಿತೃಗಳ ನೆನಪನ್ನು ಚಿತ್ರಕ್ಕೆ ಒಪ್ಪಿಸದೆ ದೇವತೆಯ ನಾಮಕ್ಕೆ ಒಪ್ಪಿಸಿದನು. ಕಟ್ಟಿಸಿದವನೂ ಮಹಾದೇವ, ಪೂಜೆಗೊಳ್ಳುವವನೂ ಮಹಾದೇವ. ಕಾವ್ಯಜ್ಞರು ಇದನ್ನು ಶಿಲೆಯಲ್ಲಿ ರಚಿಸಿದ ಶ್ಲೇಷವೆಂದು ಕರೆಯಬಹುದು. ಶ್ಲೇಷದಲ್ಲಿ ಒಂದರ್ಥವನ್ನು ಹಿಡಿದು ಇನ್ನೊಂದನ್ನು ಬಿಡುವದು ರಸಿಕರ ಲಕ್ಷಣವಲ್ಲ. ಈಗೆಲ್ಲಿನ ಮಕ್ಕಳು ತಮ್ಮ ಹೆಸರನ್ನೂ ಸೇರಿಸಿದ ಮಾತ್ರಕ್ಕೆ ಅವರ ಭಕ್ತಿಯು ಹುಸಿಯಾಗದಂತೆ, ಇಟಗಿಯಲ್ಲಿಯೂ ಕೀರ್ತಿಕಾಮನೆಯು ಭಕ್ತಿಯನ್ನು ಅಳಿಸಲಾರದು.

ಆದುದರಿಂದ ಅಧ್ಯಾಪಕರು ಆ ಶಾಸನವನ್ನು ಪಾಠ ಹೇಳುವಾಗ 'ಚಕ್ರವರ್ತಿ' ಶಬ್ದದಲ್ಲಿಯೇ ನಿಲ್ಲದೆ, ವಿದ್ಯಾರ್ಥಿಗಳನ್ನು ಆ ಎರಡು ಗುಡಿಗಳ ಬಾಗಿಲಿಗೂ ಕರೆದೊಯ್ಯುವದು ಅವಶ್ಯವಾಗಿರುವದು.