ರಾಕ್ಷಸರು ಯಾರು?

ವಿಜಯದಶಮಿಯ ಸಂಜೆ ದೆಹಲಿಯ ಮೈದಾನಗಳಲ್ಲಿ ರಾವಣ, ಕುಂಭಕರ್ಣ, ಮೇಘನಾದರ ಪ್ರತಿಕೃತಿಗಳು ಉರಿಯುತ್ತವೆ. ರಜೆಗೆ ಮೈಸೂರಿಗೆ ಹೋಗಿಬಂದ ನಮ್ಮ ಮಕ್ಕಳು ಚಾಮುಂಡಿ ಬೆಟ್ಟದ ಮಹಿಷಾಸುರನನ್ನೂ ಬಲ್ಲರು. ಇವರೆಲ್ಲ ನಿಜವಾಗಿ ಇದ್ದರೇ ಎಂದು ಮಕ್ಕಳು ಕೇಳಿದರೆ, ವಿದ್ಯಾವಂತರಾದ ನಾವು "ಅದು ಕಥೆ" ಎನ್ನುವುದಿಲ್ಲ. "ಅವರು ಆರ್ಯರು ಸೋಲಿಸಿದ ದ್ರಾವಿಡರು" ಎಂದು ಚರಿತ್ರೆಯ ಧಾಟಿಯಲ್ಲಿ ಉತ್ತರಿಸುತ್ತೇವೆ. ಈ ಉತ್ತರ ಎಷ್ಟು ಗಟ್ಟಿ ಎಂದು ಸ್ವಲ್ಪ ತಟ್ಟಿ ನೋಡುವುದು ಒಳ್ಳೆಯದು.

'ಸುರರಲ್ಲದವರು ಅಸುರರು' ಎಂದು ನಾವೆಲ್ಲ ಕಲಿತವರೇ. ಆದರೆ ಋಗ್ವೇದದ ಹಳೆಯ ಭಾಗಗಳಲ್ಲಿ 'ಅಸುರ' ಬೈಗುಳವಲ್ಲ, ಬಿರುದು. ವರುಣನೂ ಅಸುರ, ಇಂದ್ರನೂ ಅಗ್ನಿಯೂ ಅಸುರರು. ಇರಾನಿನ ಅವೆಸ್ತಾದಲ್ಲಿ ಸಕಾರ ಹಕಾರವಾಗಿ ಇದೇ ಶಬ್ದ 'ಅಹುರ' ಆಗುತ್ತದೆ. ಪಾರ್ಸಿಗಳ ಪರಮದೈವ ಅಹುರ ಮಜ್ದಾ. ಅಲ್ಲಿ ಕೆಟ್ಟವರು 'ದಏವ'ರು, ಎಂದರೆ ನಮ್ಮ ದೇವರು! 'ಅ'ಕಾರವನ್ನು ನಿಷೇಧವೆಂದು ಬಿಡಿಸಿಕೊಂಡು 'ಸುರ' ಎಂಬ ಶಬ್ದವನ್ನು ಆಮೇಲೆ ಹುಟ್ಟಿಸಿದ್ದು. ಒಂದು ಕಡೆ ದೈವವೂ ಇನ್ನೊಂದು ಕಡೆ ದೈತ್ಯನೂ ಆದ ಈ ಶಬ್ದ ಮೂಲದಲ್ಲಿ ಯಾವುದೋ ಜನಾಂಗದ ಹೆಸರಾಗಿತ್ತೆಂದು ಸಾಧಿಸುವುದು ಕಷ್ಟ.

ಪುರಾಣಗಳೂ ಈ ವಾದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಅದಿತಿಯ ಮಕ್ಕಳು ಆದಿತ್ಯರು, ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು. ತಂದೆ ಎಲ್ಲರಿಗೂ ಕಶ್ಯಪನೇ. ದೇವಾಸುರ ಯುದ್ಧವೆಂದರೆ ದಾಯಾದಿ ಜಗಳ, ನಮ್ಮೂರಿನ ಜಮೀನು ವ್ಯಾಜ್ಯದ ಹಾಗೆ. ರಾವಣನಂತೂ ಪುಲಸ್ತ್ಯ ಋಷಿಯ ಮೊಮ್ಮಗ. ಉತ್ತರಕಾಂಡದ ಪ್ರಕಾರ, ನೀರನ್ನು ಕಾಯಲೆಂದು ಬ್ರಹ್ಮ ಸೃಷ್ಟಿಸಿದವರಲ್ಲಿ 'ರಕ್ಷಿಸುತ್ತೇವೆ' ಎಂದವರೇ ರಾಕ್ಷಸರು!

ಇದು ಬರಿಯ ಪಂಡಿತರ ಚರ್ಚೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಅಸುರ್ ಎಂಬ ಹೆಸರಿನ ಬುಡಕಟ್ಟೊಂದು ಜಾರ್ಖಂಡದಲ್ಲಿ ಇಂದಿಗೂ ಇದೆ. ಕಬ್ಬಿಣದ ಅದಿರು ಕರಗಿಸುವುದು ಅವರ ಪರಂಪರೆಯ ಕಸುಬು. ಅವರ ನುಡಿ ಮುಂಡಾ ಗುಂಪಿನದು, ದ್ರಾವಿಡವಲ್ಲ. ಮಹಿಷಾಸುರ ತಮ್ಮ ಪೂರ್ವಜನೆಂದು ನಂಬುವ ಅವರಲ್ಲಿ ಅನೇಕರು ದುರ್ಗಾಪೂಜೆಯ ದಿನಗಳಲ್ಲಿ ದುಃಖ ಆಚರಿಸುತ್ತಾರೆ. ಆ ನಂಬಿಕೆಗೆ ಗೌರವ ಸಲ್ಲಬೇಕು. ವೇದದ ಅಸುರರು ಇವರೇ ಎನ್ನಲು ಅದು ಪುರಾವೆಯಲ್ಲ. 'ರಾಕ್ಷಸರೆಂದರೆ ಇಂಥ ಜನ' ಎಂದು ಮನೆಯಲ್ಲಿ ಸಲೀಸಾಗಿ ಹೇಳುವವರು, ಅಂಥ ಮನೆಯ ಮಗು ನಮ್ಮ ಮಗುವಿನ ಬೆಂಚಿನಲ್ಲೇ ಕುಳಿತಿರಬಹುದೆಂದು ನೆನೆಯಬೇಕು.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಸುಮಾರು 1100ರ ನಮ್ಮ ನಾಗಚಂದ್ರನ ದಾರಿ. ವಿಮಲಸೂರಿಯ ಜೈನ ಪರಂಪರೆಯನ್ನು ಹಿಡಿದ ಅವನ 'ರಾಮಚಂದ್ರಚರಿತ ಪುರಾಣ'ದಲ್ಲಿ ರಾಕ್ಷಸರು ನರಭಕ್ಷಕರಲ್ಲ, ವಿದ್ಯಾಧರರು. ವಿದ್ಯೆಗಳನ್ನು ಸಾಧಿಸಿದ ಮನುಷ್ಯರು. ರಾವಣ ಸೀತೆಯ ನಿಷ್ಠೆಯನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೇಡಿ ಎಂದಾರು, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಈ ಒಣ ಪ್ರತಿಷ್ಠೆಯೇ ಅವನನ್ನು ಕೊಂದಿತು. ಬಿ.ಎಂ.ಶ್ರೀ. ಅವರು ಇವನಲ್ಲಿ ದುರಂತ ನಾಯಕನನ್ನು ಕಂಡದ್ದು ಸುಮ್ಮನೆ ಅಲ್ಲ. ಕಚೇರಿಯಲ್ಲಿ ತಪ್ಪು ಟಿಪ್ಪಣಿ ಬರೆದು, ತಪ್ಪೆಂದು ತಿಳಿದ ಮೇಲೂ ಹಿಂತೆಗೆಯದ ಅಧಿಕಾರಿಗಳನ್ನು ಕಂಡವರಿಗೆ ಈ ರಾಕ್ಷಸ ಹೊಸಬನಲ್ಲ.

ಆದರೂ ಒಂದು ಕೊರತೆ. ಹತ್ತು ತಲೆಗಳನ್ನು ಆ ಪರಂಪರೆ ಕಂಠಹಾರದ ಒಂಬತ್ತು ರತ್ನಗಳಲ್ಲಿ ಕಂಡ ಮುಖದ ಪ್ರತಿಬಿಂಬವೆಂದು ವಿವರಿಸುತ್ತದೆ. ಬಿ.ಎಸ್‌ಸಿ. ಓದಿದ ನನಗೆ ಇದು ಹಿಡಿಸಬೇಕು. ಆದರೆ ಯಕ್ಷಗಾನದ ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದಾಗ ಅಜ್ಜಿಯ ಸೆರಗಿನ ಹಿಂದೆ ಅಡಗಿದವರಿಗೆ ಬರಿಯ ಕನ್ನಡಿಯಾಟ ಸಾಲದು.